ಒನ್ ಹಂಡ್ರೆಡ್ ಪೊಯಮ್ಸ್

ಆಸ್ಟ್ರೇಲಿಯದ ಕವಿ ಕೆನೆತ್ ಸ್ಲೆಸರ್ (1901-71) 1919ರಿಂದ 1939ರವರೆಗೆ ಬರೆದ ಕವಿತೆಗಳ ಸಂಗ್ರಹ. ಸಿಡ್ನಿಯ ಆಂಗಸ್ ಅಂಡ್ ರಾಬರ್ಟ್‌ಸನ್ ಸಂಸ್ಥೆ 1944ರಲ್ಲಿ ಇದನ್ನು ಪ್ರಕಟಿಸಿತು. ಆಮೇಲಿನ ವರ್ಷಗಳಲ್ಲಿ ಸ್ಲೆಸರ್ ಕವಿತೆಯನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟ. ಹೀಗಾಗಿ ಹಳೆಯ ಪುಸ್ತಕದಂಗಡಿಯಲ್ಲಿ ಇದರ ಒಂದು ಪ್ರತಿ ಸಿಕ್ಕರೆ ಈತನ ಕಾವ್ಯವೆಲ್ಲ ಬಹುಮಟ್ಟಿಗೆ ಕೈಗೆ ಬಂದಂತೆ. ಈ ಪ್ರಕಾಶಕರ ವ್ಯಾಪಾರ ಶುರುವಾದದ್ದೂ ಹಳೆಯ ಪುಸ್ತಕಗಳಿಂದಲೇ. ಡೇವಿಡ್ ಆಂಗಸ್ 1880ರ ದಶಕದಲ್ಲಿ ಸಿಡ್ನಿಯಲ್ಲಿ ತೆರೆದದ್ದು ಅಂಥದೊಂದು ಅಂಗಡಿ.

ಸ್ಲೆಸರ್ ಹುಟ್ಟಿದ್ದು ನ್ಯೂ ಸೌತ್ ವೇಲ್ಸ್‌ನ ಆರೆಂಜ್ ಎಂಬ ಊರಿನಲ್ಲಿ. ಕಸುಬಿನಿಂದ ಪತ್ರಕರ್ತ, ಸ್ಮಿತ್ಸ್ ವೀಕ್ಲಿ ಪತ್ರಿಕೆಯಲ್ಲಿ ಬಹುಕಾಲ ದುಡಿದ. ಮೊದಮೊದಲ ಕವಿತೆಗಳ ಮೇಲೆ ಚಿತ್ರಕಾರ ನಾರ್ಮನ್ ಲಿಂಡ್ಸೆಯ ಪ್ರಭಾವವಿದೆ. ಅವುಗಳಲ್ಲಿ ಅಲಂಕಾರದ ಭಾರ ಹೆಚ್ಚು, ಇಂದಿನ ಓದುಗರಿಗೆ ಹಿಡಿಸುವುದು ಕಷ್ಟ. ನಿಜವಾದ ಸ್ಲೆಸರ್ ಕಾಣಿಸುವುದು ಕಾಲ ಮತ್ತು ಕಡಲು ವಸ್ತುವಾದಾಗ. 'ಫೈವ್ ವಿಷನ್ಸ್ ಆಫ್ ಕ್ಯಾಪ್ಟನ್ ಕುಕ್' ಕವಿತೆಯಲ್ಲಿ ಕುಕ್‌ನ ಕೋಣೆಯ ಎರಡು ಗಡಿಯಾರಗಳು, ಒಂದು ಮುಂದೋಡುತ್ತ ಒಂದು ಹಿಂದುಳಿಯುತ್ತ, ರಾತ್ರಿಯಿಡೀ ಮಾತಾಡಿಕೊಳ್ಳುತ್ತವೆ.

ಸಂಗ್ರಹದ ಶಿಖರ 'ಫೈವ್ ಬೆಲ್ಸ್' (1939). ಸ್ಲೆಸರನ ಗೆಳೆಯ, ವ್ಯಂಗ್ಯಚಿತ್ರಕಾರ ಜೋ ಲಿಂಚ್ 1927ರ ಮೇ ತಿಂಗಳ ಒಂದು ರಾತ್ರಿ ಸಿಡ್ನಿ ಬಂದರಿನಲ್ಲಿ ಫೆರಿಯಿಂದ ನೀರಿಗೆ ಬಿದ್ದು ಮುಳುಗಿದ. ಮೈಮೇಲೆ ಓವರ್‌ಕೋಟು, ಅದರ ಜೇಬುಗಳಲ್ಲಿ ಬಿಯರ್ ಬಾಟಲಿಗಳು. ಹೆಣ ಸಿಗಲೇ ಇಲ್ಲ. ಹಡಗಿನಲ್ಲಿ ಅರ್ಧ ಗಂಟೆಗೊಂದರಂತೆ ಬಡಿತ ಹೆಚ್ಚಿಸುತ್ತ ಗಂಟೆ ಬಾರಿಸುತ್ತಾರೆ. ರಾತ್ರಿ ಹತ್ತೂವರೆಗೆ ಐದು ಬಡಿತ. ಬಂದರಿನಲ್ಲಿ ನಿಂತ ಯುದ್ಧನೌಕೆಯ ಆ ಐದು ಬಡಿತ ಕೇಳಿ ಮುಗಿಯುವಷ್ಟರಲ್ಲಿ ಸತ್ತವನ ಬದುಕೆಲ್ಲ ಕವಿಯ ಮನಸ್ಸಿನಲ್ಲಿ ಹಾದುಹೋಗುತ್ತದೆ. ಅವನ ಕೋಣೆ, ಅವನ ಸಿಟ್ಟು, ಮಳೆಯಲ್ಲಿ ನಡೆದ ದಾರಿ ಎಲ್ಲ ನೆನಪಾಗುತ್ತವೆ. ಎಷ್ಟು ಕರೆದರೂ ಉತ್ತರವಿಲ್ಲ. ಸಾವಿಗೆ ಸುಳ್ಳು ಸಮಾಧಾನ ಹೇಳದ ಇಂಥ ಶೋಕಗೀತೆ ಇಂಗ್ಲಿಷಿನಲ್ಲಿ ಅಪರೂಪ. ಜಾನ್ ಓಲ್ಸನ್ ಸಿಡ್ನಿ ಆಪೆರಾ ಹೌಸ್‌ಗಾಗಿ 1973ರಲ್ಲಿ ಮುಗಿಸಿದ ದೊಡ್ಡ ಭಿತ್ತಿಚಿತ್ರಕ್ಕೆ ಈ ಕವಿತೆಯೇ ಪ್ರೇರಣೆ.

ಎರಡನೆಯ ಮಹಾಯುದ್ಧದಲ್ಲಿ ಸ್ಲೆಸರ್ ಆಸ್ಟ್ರೇಲಿಯದ ಅಧಿಕೃತ ಯುದ್ಧವರದಿಗಾರನಾಗಿದ್ದ. ಈಜಿಪ್ಟಿನ ಎಲ್ ಅಲಮೈನ್ ದಡಕ್ಕೆ ತೇಲಿಬಂದ ಹೆಸರಿಲ್ಲದ ನಾವಿಕರನ್ನು ಮರಳಿನಲ್ಲಿ ಹೂಳುವ ದೃಶ್ಯದಿಂದ 'ಬೀಚ್ ಬೆರಿಯಲ್' ಹುಟ್ಟಿತು. ಗುರುತಿಗೆ ನೆಟ್ಟ ಕೋಲಿನ ಮೇಲಿನ ಪೆನ್ಸಿಲ್ ಬರಹ ಅದರಲ್ಲಿ ತೇವಕ್ಕೆ ಕದಡಿಹೋಗುತ್ತದೆ. ಶತ್ರು ಮಿತ್ರ ಎಂಬ ಭೇದ ಅಲ್ಲಿ ಉಳಿಯುವುದಿಲ್ಲ.

ಸಂಗ್ರಹ 1957ರಲ್ಲಿ 'ಪೊಯಮ್ಸ್' ಎಂಬ ಹೆಸರಿನಲ್ಲಿ ಕೆಲವು ಕವಿತೆಗಳ ಸೇರ್ಪಡೆಯೊಂದಿಗೆ ಮತ್ತೆ ಬಂತು. ಡೆನಿಸ್ ಹ್ಯಾಸ್ಕೆಲ್ ಮತ್ತು ಜೆಫ್ರಿ ಡಟನ್ ಸಂಪಾದಿಸಿದ ಸಮಗ್ರ ಕಾವ್ಯ 1994ರಲ್ಲಿ ಪ್ರಕಟವಾಯಿತು. ಹಳೆಯ ಪ್ರತಿ ಕೊಳ್ಳುವವರು ಮೊದಲು ಇಸವಿ ನೋಡಬೇಕು. ಮೂಲ ಸಂಗ್ರಹ 1939ಕ್ಕೆ ನಿಲ್ಲುವುದರಿಂದ ಯುದ್ಧಕಾಲದ 'ಬೀಚ್ ಬೆರಿಯಲ್'ಗೆ ನಂತರದ ಆವೃತ್ತಿಯನ್ನೇ ಹುಡುಕಬೇಕು.