ಇಬ್ಬರು ವಿದ್ಯಾರ್ಥಿಗಳು, ಒಂದು ಉದ್ಯೋಗ



ಎಸ್.ಎಸ್.ಎಲ್.ಸಿ. ಮುಗಿಸಿ ಪಾಲಿಟೆಕ್ನಿಕ್ ಸೇರಿದ ಮಗ ವರ್ಷ ತುಂಬುವ ಮುನ್ನವೇ ಪುಸ್ತಕ ಮಡಚಿಟ್ಟು ಗ್ಯಾರೇಜಿಗೋ ಅಂಗಡಿಗೋ ದುಡಿಯಲು ಹೊರಟರೆ, 'ಅವನಿಗೆ ಓದುವ ಮನಸ್ಸಿಲ್ಲ' ಎಂದು ನಾವು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಕೊರತೆ ಅವನಲ್ಲಿದೆಯೋ ಅಥವಾ ನಾವು ಅವನ ಮುಂದಿಟ್ಟ ಶಿಕ್ಷಣದ ಏರ್ಪಾಟಿನಲ್ಲಿದೆಯೋ ಎಂದು ಕೇಳುವುದು ಅಪರೂಪ. ಈ ಪ್ರಶ್ನೆಗೆ ಬೆಳಕು ನೀಡಬಲ್ಲ ಪ್ರಯೋಗವೊಂದು ಅಮೆರಿಕದ ಸಿನ್ಸಿನಾಟಿ ನಗರದಲ್ಲಿ 1906ರಲ್ಲಿ ಆರಂಭವಾಯಿತು.

ಅದರ ರೂವಾರಿ ಹರ್ಮನ್ ಶ್ನೈಡರ್. 1872ರಲ್ಲಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ ಹುಟ್ಟಿದ ಅವರು ದುಡಿಯುತ್ತಲೇ ಲೀಹೈ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಮುಂದೆ ಅಲ್ಲಿಯೇ ಅಧ್ಯಾಪಕರಾದಾಗ ಎರಡು ಸಂಗತಿಗಳು ಅವರ ಗಮನ ಸೆಳೆದವು. ಅನೇಕ ವಿದ್ಯಾರ್ಥಿಗಳು ಓದಿನ ಖರ್ಚಿಗಾಗಿ ಹೊರಗೆ ದುಡಿಯುತ್ತಿದ್ದರು. ಆದರೆ ಆ ದುಡಿಮೆಗೂ ಅವರ ಪಾಠಕ್ಕೂ ಸಂಬಂಧವಿರುತ್ತಿರಲಿಲ್ಲ. ಇನ್ನೊಂದೆಡೆ, ಪದವಿಗೆ ಮೊದಲೇ ಕೆಲಸದ ಅನುಭವ ಪಡೆದಿದ್ದ ಹಲವರು ಮುಂದೆ ತಮ್ಮ ವೃತ್ತಿಯಲ್ಲಿ ಯಶಸ್ವಿಗಳಾಗಿದ್ದರು. ಹಾಗಾದರೆ ದುಡಿಮೆಯನ್ನೇ ಪಾಠದ ಅಂಗವಾಗಿ ಮಾಡಬಾರದೇಕೆ?

1903ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾನಿಲಯಕ್ಕೆ ಬಂದ ಅವರಿಗೆ ಯಂತ್ರೋಪಕರಣಗಳ ಕಾರ್ಖಾನೆಗಳಿಗೆ ಹೆಸರಾದ ಆ ನಗರವೇ ಪ್ರಯೋಗಶಾಲೆಯಾಯಿತು. ಆಡಳಿತ ಮಂಡಳಿ ಹಿಂಜರಿಯುತ್ತಲೇ ಒಂದು ವರ್ಷದ ಮಟ್ಟಿಗೆ ಒಪ್ಪಿಗೆ ನೀಡಿತು. ಸೋತರೆ ಹೊಣೆ ತನ್ನದಲ್ಲವೆಂದೂ ಹೇಳಿಬಿಟ್ಟಿತು. 1906ರ ಸೆಪ್ಟೆಂಬರಿನಲ್ಲಿ 27 ವಿದ್ಯಾರ್ಥಿಗಳೊಡನೆ ತರಗತಿ ತೆರೆಯಿತು.

ವ್ಯವಸ್ಥೆ ಸರಳವಾಗಿತ್ತು. ಒಂದು ಉದ್ಯೋಗಕ್ಕೆ ಇಬ್ಬರು ವಿದ್ಯಾರ್ಥಿಗಳ ಜೋಡಿ. ಒಬ್ಬನು ಈ ವಾರ ಕಾರ್ಖಾನೆಯಲ್ಲಿ ಕೂಲಿ ಪಡೆದು ದುಡಿದರೆ, ಇನ್ನೊಬ್ಬನು ತರಗತಿಯಲ್ಲಿ ಕುಳಿತು ಕಲಿಯುತ್ತಿದ್ದನು. ಮರುವಾರ ಇಬ್ಬರೂ ಸ್ಥಾನ ಬದಲಿಸುತ್ತಿದ್ದರು. ಕಾರ್ಖಾನೆಗೆ ಕೆಲಸಗಾರನ ಕೊರತೆಯಾಗಲಿಲ್ಲ, ಹುಡುಗನಿಗೆ ಓದು ತಪ್ಪಲಿಲ್ಲ. ಇದಕ್ಕಾಗಿ ಪದವಿಯ ಅವಧಿಯನ್ನು ಆರು ವರ್ಷಗಳಿಗೆ ಹಿಗ್ಗಿಸಲಾಯಿತು. ಕಾರ್ಖಾನೆಗೂ ಹೋಗಿ ವಿದ್ಯಾರ್ಥಿಯ ಕೆಲಸವನ್ನು ಕಣ್ಣಾರೆ ಕಂಡು, ಅದನ್ನು ತರಗತಿಯ ಪಾಠದೊಡನೆ ಜೋಡಿಸುವ ಅಧ್ಯಾಪಕರೂ ನೇಮಕಗೊಂಡರು. ಕ್ರಮೇಣ ಅವಧಿ ಐದು ವರ್ಷಕ್ಕಿಳಿಯಿತು, ವಾರದ ಸರದಿ ದೀರ್ಘವಾಯಿತು. 1909ರಲ್ಲಿ ಬೋಸ್ಟನ್ನಿನ ನಾರ್ತ್‌ಈಸ್ಟರ್ನ್ ಸಂಸ್ಥೆ ಇದೇ ದಾರಿ ಹಿಡಿಯಿತು. ಹೊಣೆ ಹೊರಲು ಹಿಂಜರಿದಿದ್ದ ವಿಶ್ವವಿದ್ಯಾನಿಲಯಕ್ಕೇ ಶ್ನೈಡರ್ ಮುಂದೆ ಅಧ್ಯಕ್ಷರಾದರು.

ಒಳ್ಳೆಯ ಎಂಜಿನಿಯರುಗಳನ್ನು ರೂಪಿಸುವುದು ಶ್ನೈಡರರ ಗುರಿಯಾಗಿತ್ತು. ಆದರೆ ವಿದ್ಯಾರ್ಥಿ ನಡುವೆಯೇ ಓದು ಬಿಡಲು ಕಾರಣವಾಗುವ ಎರಡು ಗಂಟುಗಳನ್ನು ಅವರ ಏರ್ಪಾಟು ಒಟ್ಟಿಗೇ ಸಡಿಲಿಸಿತು. ಮೊದಲನೆಯದು ಮನೆಯ ಅಗತ್ಯ: ಗಳಿಕೆಗಾಗಿ ಓದು ಬಿಡಬೇಕಾಗಿರಲಿಲ್ಲ. ಎರಡನೆಯದು 'ಈ ಲೆಕ್ಕ ನನಗೇಕೆ?' ಎಂಬ ಬೇಸರ: ಸೋಮವಾರ ಲೇತ್ ಯಂತ್ರದ ಮುಂದೆ ನಿಂತವನಿಗೆ ಮರುವಾರದ ತ್ರಿಕೋನಮಿತಿ ಬರಿಯ ಬಾಯಿಪಾಠವಾಗಿ ಉಳಿಯುವುದಿಲ್ಲ.

ನಮ್ಮ ದೇಶದಲ್ಲೂ ಕಾನೂನುಗಳು ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿವೆ. 1961ರ ಅಪ್ರೆಂಟಿಸ್ ಕಾಯಿದೆಯನ್ನು 1973ರಲ್ಲಿ ತಿದ್ದಿ, ಎಂಜಿನಿಯರಿಂಗ್ ಪದವಿ ಮತ್ತು ಡಿಪ್ಲೊಮಾ ಪಡೆದವರಿಗೂ ಭತ್ಯೆಸಹಿತ ತರಬೇತಿಗೆ ಅವಕಾಶ ಕಲ್ಪಿಸಲಾಯಿತು. ಆದರೆ ಅದು ಓದು ಮುಗಿಸಿದವರಿಗೆ. ನಡುವೆಯೇ ಬಿಟ್ಟವನಿಗೆ ಅಲ್ಲ. 2014ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಬಿ.ವೋಕ್. ಪದವಿಯನ್ನು ಆರಂಭಿಸಿದಾಗ ಈ ಕೊರತೆಯನ್ನು ಸ್ವಲ್ಪ ತುಂಬಲಾಯಿತು. ಒಂದು ವರ್ಷ ಓದಿದವನಿಗೆ ಡಿಪ್ಲೊಮಾ, ಎರಡು ವರ್ಷಕ್ಕೆ ಉನ್ನತ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ. ನಡುವೆ ನಿಲ್ಲಿಸಬೇಕಾದವನೂ ಬರಿಗೈಯಲ್ಲಿ ಹೋಗುವುದಿಲ್ಲ. ಏಣಿಗೆ ಮೆಟ್ಟಿಲುಗಳಿದ್ದರೆ ನಡುವೆ ನಿಂತವನೂ ದಣಿವಾರಿಸಿಕೊಂಡು ಮತ್ತೆ ಏರಬಲ್ಲನು.

ಆದರೂ ಪ್ರಮಾಣಪತ್ರವೊಂದೇ ಯಾರನ್ನೂ ತರಗತಿಯಲ್ಲಿ ಹಿಡಿದಿಡಲಾರದು. ಸಿನ್ಸಿನಾಟಿಯ ಪ್ರಯೋಗದಲ್ಲಿ ಕೂಲಿಯೊಂದಿಗೆ, ಕಾರ್ಖಾನೆಯ ಬಾಗಿಲಿಗೆ ಹೋಗಿ ವಿದ್ಯಾರ್ಥಿಯನ್ನು ವಿಚಾರಿಸುವ ಗುರುವೂ ಇದ್ದನೆಂಬುದನ್ನು ನಾವು ಮರೆಯಬಾರದು. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪಠ್ಯದ ಮುಂದೆ ತಡವರಿಸುವ ಹುಡುಗನಿಗೆ ಮೊದಲ ಆರು ತಿಂಗಳಲ್ಲಿ ಬೇಕಾದುದು ಅಂಥ ಒಬ್ಬರು.

ಆದುದರಿಂದ ಹೆತ್ತವರೇ, ಮಕ್ಕಳನ್ನು ಸೇರಿಸುವಾಗ ಶುಲ್ಕವೆಷ್ಟು ಎಂದು ಮಾತ್ರ ಕೇಳಬೇಡಿ. ಕಾರ್ಖಾನೆಯ ತರಬೇತಿ ಯಾವಾಗ, ಭತ್ಯೆಯುಂಟೇ, ಹಿಂದುಳಿದವನಿಗೆ ಕಲಿಸುವವರು ಯಾರು, ಬಿಟ್ಟವನು ಮರಳಿ ಬರಬಹುದೇ ಎಂದೂ ಕೇಳಿರಿ. ನಿಮ್ಮ ನೆರೆಯಲ್ಲಿ ನಿವೃತ್ತ ಮೆಕ್ಯಾನಿಕ್ಕೋ ಎಲೆಕ್ಟ್ರಿಷಿಯನ್ನೋ ಇದ್ದರೆ, ವಾರಕ್ಕೊಂದು ಸಂಜೆ ಆ ಹುಡುಗನ ಜೊತೆ ಕುಳಿತುಕೊಳ್ಳುವಂತೆ ಕೇಳಿಕೊಳ್ಳಿರಿ. ಈಗಾಗಲೇ ಓದು ಬಿಟ್ಟ ಮಗ ಮನೆಯಲ್ಲಿದ್ದರೆ, ಅವನನ್ನು ಜರೆಯುವ ಮುನ್ನ ಯಾವ ಮೆಟ್ಟಿಲಲ್ಲಿ ಎಡವಿದನೆಂದು ಸಾವಧಾನವಾಗಿ ವಿಚಾರಿಸಿರಿ.