ಕಿವಿಗೆ ಬೀಳದ ಗೋಲುಗಳು

1971ರ ಆಗಸ್ಟ್ 23ರಂದು ಓವಲ್ ಮೈದಾನದಲ್ಲಿ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತದ್ದು ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಆಟದ ಹುಚ್ಚಿನ ಹಿರಿಯರಿಗೆ ಅಂಕಿಅಂಶದ ಸಮೇತ ಬಾಯಿಪಾಠ. ಅದಕ್ಕೆ ಮೂರು ವರ್ಷ ಮೊದಲು, 1967-68 ಮತ್ತು 1968-69ರಲ್ಲಿ, ಮೈಸೂರು ರಾಜ್ಯ ತಂಡ ಸತತ ಎರಡು ಸಲ ರಾಜ್ಯಗಳ ನಡುವಣ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಎರಡೂ ಫೈನಲ್‌ಗಳಲ್ಲಿ ಸೋತದ್ದು ಫುಟ್‌ಬಾಲಿನ ತವರು ಎನಿಸಿಕೊಂಡ ಬಂಗಾಳ. ಎರಡನೆಯ ಫೈನಲ್ ನಡೆದದ್ದು ಹೊಸೂರಿನಿಂದ 40 ಕಿಲೋಮೀಟರ್ ದೂರದ ಬೆಂಗಳೂರಿನಲ್ಲೇ. ಆದರೂ ಆ ತಂಡದ ಒಬ್ಬ ಆಟಗಾರನ ಹೆಸರು ಹೇಳಿ ಎಂದರೆ ಅದೇ ಹಿರಿಯರು ತಡವರಿಸುತ್ತಾರೆ. ಏಳು ಸಾವಿರ ಕಿಲೋಮೀಟರಿಗೂ ಆಚೆಯ ಲಂಡನ್ನಿನ ಆಟ ನೆನಪಿನಲ್ಲಿ ಉಳಿಯಿತು, ಪಕ್ಕದೂರಿನ ಆಟ ಅಳಿಸಿಹೋಯಿತು. ಕ್ರಿಕೆಟ್ ದೊಡ್ಡ ಆಟ, ಫುಟ್‌ಬಾಲ್ ಸಣ್ಣದು ಎಂಬ ಸುಲಭದ ಉತ್ತರ ನನಗೆ ಒಪ್ಪಿಗೆಯಿಲ್ಲ. ಒಂದು ಆಟಕ್ಕೆ ಹೇಳುವ ಬಾಯಿ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ ಎಂಬುದು ನನ್ನ ವಾದ. ಅದಕ್ಕೆ ಗಡಿಸೀಮೆಯ ಹೊಸೂರಿಗಿಂತ ಒಳ್ಳೆಯ ಸಾಕ್ಷಿ ಬೇರೆಡೆ ಸಿಗುವುದು ಕಷ್ಟ.

ಹೊಸೂರು ಸೀಮೆ ಆಡಳಿತದಲ್ಲಿ ಒಂದು ಕಡೆ, ಕಿವಿಯಲ್ಲಿ ಇನ್ನೊಂದು ಕಡೆ ಇದ್ದ ಜಾಗ. ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಕಚೇರಿ ಕಾಗದವೆಲ್ಲ ಮದರಾಸಿನ ಕಡೆಗೇ. ಮೊರಪ್ಪೂರಿನಿಂದ ಧರ್ಮಪುರಿಯ ಮೇಲೆ ಹೊಸೂರಿಗೆ ಬರುತ್ತಿದ್ದ ಸಣ್ಣ ಹಳಿಯ ರೈಲು ಎರಡನೆಯ ಮಹಾಯುದ್ಧದ ಕಾಲಕ್ಕೆ, 1941ರಲ್ಲಿ ನಿಂತುಹೋಯಿತು. ಸೇಲಂ-ಬೆಂಗಳೂರು ಹಳಿ ಬಂದದ್ದು 1960ರ ದಶಕದಲ್ಲಿ. ಅಂದರೆ ಬೆಂಗಳೂರಿನ ಫುಟ್‌ಬಾಲ್ ಮೆರೆಯುತ್ತಿದ್ದ ಬಹುಪಾಲು ವರ್ಷಗಳಲ್ಲಿ ಹೊಸೂರಿನವನಿಗೆ ರೈಲು ಹತ್ತಿ ಪಂದ್ಯಕ್ಕೆ ಹೋಗುವ ದಾರಿಯೇ ಇರಲಿಲ್ಲ. ಆದರೆ ಗಾಳಿಯಲ್ಲಿ ಬರುವುದಕ್ಕೆ ಹಳಿ ಬೇಕಿರಲಿಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಶುರು ಮಾಡಿದ ಆಕಾಶವಾಣಿ ಮುಂದೆ ಸರ್ಕಾರದ ಕೈಗೆ ಬಂದು, 1955ರ ನವೆಂಬರ್ 2ರಂದು ಬೆಂಗಳೂರು ನಿಲಯವಾಯಿತು. ಮಾರನೆಯ ವರ್ಷದ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದರಾಸು ರಾಜ್ಯದಲ್ಲೇ ಉಳಿಯಿತು. ಮೀಡಿಯಂ ವೇವ್‌ಗೆ ಈ ಗೆರೆಯ ಹಂಗಿರಲಿಲ್ಲ. ಹಗಲಿನಲ್ಲಿ ಆ ಅಲೆ ನೆಲ ಹಿಡಿದೇ ಸಾಗುತ್ತದೆ, ಬಹಳ ದೂರ ಹೋಗುವುದಿಲ್ಲ; ರಾತ್ರಿಯಾದ ಮೇಲೆ ಆಕಾಶಕ್ಕೆ ತಾಗಿ ಮರಳಿ ಬೀಳುವುದರಿಂದ ದೂರದ ನಿಲಯಗಳೂ ಸಿಗುತ್ತವೆ. ಆಟ ನಡೆಯುವುದು ಹಗಲಲ್ಲಿ. ಹಾಗಾಗಿ ಮುನ್ನೂರು ಕಿಲೋಮೀಟರ್ ಆಚೆಯ ಮದರಾಸು ಗರಗರ ಎನ್ನುವ ಹೊತ್ತಿನಲ್ಲೂ ಬೆಂಗಳೂರು ಇಲ್ಲಿ ಸ್ಫುಟವಾಗಿ ಸಿಗುತ್ತಿತ್ತು. ತೂತು ತೂತಿನ ಚರ್ಮದ ಕವಚದ ಟ್ರಾನ್ಸಿಸ್ಟರನ್ನು ಕೈಯಲ್ಲಿ ಹಿಡಿದು, ಸದ್ದು ತಿಳಿಯಾಗುವವರೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದುದು ಸುಮ್ಮನೆ ಅಭ್ಯಾಸಬಲವಲ್ಲ. ಒಳಗಿನ ಫೆರೈಟ್ ಕಡ್ಡಿ ನಿಲಯದ ದಿಕ್ಕಿಗೆ ಅಡ್ಡವಾಗಿ ನಿಂತಾಗಲೇ ಅಲೆಯನ್ನು ಚೆನ್ನಾಗಿ ಹಿಡಿಯುವುದು. ಬೆಂಗಳೂರು ಯಾವ ದಿಕ್ಕಿಗಿದೆ ಎಂಬುದು ಹೊಸೂರಿನವರ ಮಣಿಕಟ್ಟಿಗೆ ಗೊತ್ತಿತ್ತು.

ಇನ್ನು ಆ ಕಿವಿಗೆ ಕೇಳಿಸಬಹುದಾಗಿದ್ದ ಫುಟ್‌ಬಾಲ್ ಎಂಥದ್ದು? ಗೋರಾ ಪಲ್ಟನ್ನುಗಳೇ ಗೆಲ್ಲುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು ಮೊದಲು ಕಿತ್ತುಕೊಂಡ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮರುವರ್ಷವೂ ಕಪ್ಪು ಅವರದೇ. 1946-47ರಲ್ಲಿ, ಮತ್ತೆ 1952-53ರಲ್ಲಿ ಮೈಸೂರು ಸಂತೋಷ್ ಟ್ರೋಫಿ ಗೆದ್ದಾಗಲೂ ಫೈನಲಿನ ಎದುರಾಳಿ ಬಂಗಾಳವೇ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ 1948ರಲ್ಲಿ ಫ್ರಾನ್ಸಿನ ಎದುರು. 1-2ರಿಂದ ಸೋತ ಆ ಪಂದ್ಯದಲ್ಲಿ ನಮ್ಮ ಒಂದೇ ಗೋಲು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಕೈಬಿಟ್ಟು ಸೋತ ಪಂದ್ಯ ಅದು. ಅಂಥದೊಂದು ಸೋಲು ಕ್ರಿಕೆಟ್ಟಿನಲ್ಲಾಗಿದ್ದರೆ ಇವತ್ತಿಗೂ ಜಗಲಿಯ ಮೇಲೆ ಅದರ ಪಂಚನಾಮೆ ನಡೆಯುತ್ತಿತ್ತು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ 1951ರ ಏಷ್ಯನ್ ಗೇಮ್ಸ್ ಚಿನ್ನದಲ್ಲೂ ಪಾಲುದಾರರು. 1962ರ ಜಕಾರ್ತಾ ಚಿನ್ನದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಇಷ್ಟಿದ್ದೂ ಕನ್ನಡದ ನೆನಪಿನಲ್ಲಿ ಇವರಿಗೆ ಸಿಕ್ಕ ಜಾಗ ಎಷ್ಟು? ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವರ ಗುಣಗಾನ ಹುಟ್ಟೂರಿಗಿಂತ ದೊಡ್ಡದಾಗಿ ಕೇಳಿಸಿದ್ದು ಕೋಲ್ಕತ್ತದಿಂದ.

ಕೋಲ್ಕತ್ತದಿಂದ ಏಕೆ? ಈಸ್ಟ್ ಬೆಂಗಾಲ್ ತಂಡದ ಪಂಚಪಾಂಡವರಲ್ಲಿ ಅವರೊಬ್ಬರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ: ಐವರೂ ದಕ್ಷಿಣದವರು, ಒಬ್ಬರ ತಾಯಿನುಡಿಯೂ ಬಂಗಾಳಿಯಲ್ಲ. ಆದರೂ ಬಂಗಾಳ ಅವರನ್ನು ತನ್ನವರೆಂದೇ ಇಂದಿಗೂ ಹೇಳಿಕೊಳ್ಳುತ್ತದೆ. ಅಲ್ಲಿ ಅಜಯ್ ಬಸು, ಪುಷ್ಪೇನ್ ಸರ್ಕಾರ್, ಕಮಲ್ ಭಟ್ಟಾಚಾರ್ಯ ಎಂಬ ಮೂವರು ರೇಡಿಯೊದಲ್ಲಿ ಬಂಗಾಳಿಯಲ್ಲೇ ಪಂದ್ಯ ಹೇಳುತ್ತ ಆಟಗಾರರಷ್ಟೇ ಹೆಸರಾದರು. ಮೈದಾನ ನೋಡದ ಹೆಂಗಸರಿಗೂ ಹಳ್ಳಿಯವರಿಗೂ ಫುಟ್‌ಬಾಲ್ ಎಂದರೆ ಈ ದನಿಗಳೇ. ಇಲ್ಲಿ ಬಲವಾದ ಒಂದು ಆಕ್ಷೇಪವಿದೆ, ಅದನ್ನು ಮರೆಮಾಚಬಾರದು: ಬಂಗಾಳಿ ಕಾಮೆಂಟರಿ ನೆಲೆಯೂರಿದ್ದು 1950ರ ದಶಕದ ಕೊನೆಗೆ, ಪಂಚಪಾಂಡವರ ಕಾಲವಾದರೋ ಆ ದಶಕದ ಆರಂಭದ್ದು. ಹಾಗಿದ್ದ ಮೇಲೆ ದನಿ ಅವರಿಗೆ ಹೆಸರು ತಂದುಕೊಟ್ಟಿತು ಎನ್ನುವುದು ಹೇಗೆ? ಹೆಸರು ತಂದುಕೊಟ್ಟದ್ದು ಮೈದಾನ ಮತ್ತು ಪತ್ರಿಕೆ, ನಿಜ. ಆದರೆ ಹೆಸರು ಬರುವುದು ಬೇರೆ, ಉಳಿಯುವುದು ಬೇರೆ. ರೇಡಿಯೊ ವಿವರಣೆಗಾರನಿಗೆ ಮಳೆ ಬಂದರೆ, ಹಾಫ್ ಟೈಮ್ ಆದರೆ, ಗಾಯಗೊಂಡವನನ್ನು ಹೊತ್ತೊಯ್ಯುವ ತನಕ ಮಾತಾಡುತ್ತಲೇ ಇರಬೇಕಾದ ದರ್ದು. ಸುಮ್ಮನಿದ್ದರೆ ಕೇಳುಗ ಸೆಟ್ಟು ಕೆಟ್ಟಿತೆಂದುಕೊಳ್ಳುತ್ತಾನೆ. ಆ ಖಾಲಿ ನಿಮಿಷಗಳು ತುಂಬುವುದು ಹಳೆಯ ಕಥೆಗಳಿಂದ, ಹಳೆಯ ಹೋಲಿಕೆಗಳಿಂದ. ತಂದೆಯ ಕಾಲದ ಆಟಗಾರ ಮಗನ ಕಿವಿಗೆ ಬೀಳುವುದು ಹೀಗೆ.

ಹೀಗೆ ಆಟ ಹೇಳುವ ಕೆಲಸಕ್ಕೆ ಸ್ವತಃ ಆಡಿ ಬಂದವನೇ ಏಕೆ ಬೇಕು ಎಂಬುದನ್ನು ಫುಟ್‌ಬಾಲ್ ವಿವರಣೆಯ ಮೊದಲ ದಿನಗಳೇ ತೋರಿಸುತ್ತವೆ. ಬಿಬಿಸಿ 1927ರ ಜನವರಿಯಲ್ಲಿ ಮೊದಲ ಸಲ ಪಂದ್ಯಗಳ ನೇರ ವಿವರಣೆ ಶುರುಮಾಡಿದಾಗ ಮೈಕು ಹಿಡಿದವರು ಟೆಡ್ಡಿ ವೇಕ್‌ಲಾಮ್, ರಗ್ಬಿ ಫುಟ್‌ಬಾಲ್ ಆಡಿ ಬಂದವರು. ಅವರ ಮುಂದೆ ಕಣ್ಣು ಕಾಣದ ಒಬ್ಬರನ್ನು ಕೂರಿಸಿ, ಇವರಿಗೆ ಆಟ ಹೇಳಿ ಎಂದರಂತೆ. ಕೇಳುಗರಿಗಾಗಿ ರೇಡಿಯೊ ಟೈಮ್ಸ್ ಪತ್ರಿಕೆ ಮೈದಾನವನ್ನು ಚೌಕಗಳಾಗಿ ಗೆರೆ ಹೊಡೆದು ಅಚ್ಚು ಹಾಕಿತ್ತು. ವೇಕ್‌ಲಾಮ್ ಆಟ ಹೇಳುತ್ತಿದ್ದರೆ ಪಕ್ಕದಲ್ಲಿದ್ದ ಇನ್ನೊಬ್ಬರು ಚೆಂಡು ಎಷ್ಟನೆಯ ಚೌಕದಲ್ಲಿದೆ ಎಂದು ಕೂಗುತ್ತಿದ್ದರು. ಕ್ರಿಕೆಟ್ಟಿಗೆ ಇಷ್ಟೆಲ್ಲ ಸಾಹಸ ಬೇಡ. ಪ್ರತಿ ಚೆಂಡಿನ ನಡುವೆ ಬಿಡುವಿದೆ, ಫೀಲ್ಡರುಗಳ ಜಾಗಕ್ಕೆ ಹೆಸರಿದೆ, ಲೆಕ್ಕವೇ ಅರ್ಧ ಕಥೆ ಹೇಳಿಬಿಡುತ್ತದೆ. ಫುಟ್‌ಬಾಲಿನಲ್ಲಿ ನಾಲಿಗೆಗಿಂತ ಚೆಂಡು ಮುಂದೆ. ಪಾಸ್ ಎಲ್ಲಿಗೆ ಹೋಗಲಿದೆ ಎಂದು ಮೊದಲೇ ಊಹಿಸಬಲ್ಲವನು ಮಾತ್ರ ಹಿಂದೆ ಬೀಳದೆ ಹೇಳಬಲ್ಲ, ಆ ಊಹೆ ಕಾಲಲ್ಲಿ ಆಡಿದವನಿಗೆ ಸಹಜ. ಜಿಮ್ಮಿ ಆರ್ಮ್‌ಫೀಲ್ಡ್ ಇದಕ್ಕೆ ಒಳ್ಳೆಯ ನಿದರ್ಶನ. ಬ್ಲ್ಯಾಕ್‌ಪೂಲ್ ಎಂಬ ಒಂದೇ ಕ್ಲಬ್ಬಿಗೆ 1971ರವರೆಗೆ ಆಡಿದ, ಇಂಗ್ಲೆಂಡಿಗೆ 43 ಪಂದ್ಯ ಆಡಿ ನಾಯಕನೂ ಆಗಿದ್ದ ಈತ ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಬಿಬಿಸಿ ರೇಡಿಯೊದಲ್ಲಿ ಪಂದ್ಯದ ಒಳಗುಟ್ಟು ಬಿಡಿಸಿ ಹೇಳಿದ. 2018ರ ಜನವರಿ 22ರಂದು ತೀರಿಕೊಂಡಾಗ ಕಣ್ಣೀರಿಟ್ಟವರಲ್ಲಿ ಅವನ ಆಟ ಕಂಡವರು ಸ್ವಲ್ಪವೇ. ಐವತ್ತರ ಒಳಗಿನವರಿಗೆಲ್ಲ ಅವನು ಶನಿವಾರದ ಸಂಜೆಯ ಒಂದು ದನಿ. ಆ ದನಿಯ ಮೂಲಕ ಅವರು 1962ರ ವಿಶ್ವಕಪ್ ಆಡಿದ ಬಲಗಡೆಯ ಡಿಫೆಂಡರನ್ನೂ ನೆನೆದರು. ನಮ್ಮ ರಾಮನ್, ಅಹ್ಮದ್ ಖಾನ್‌ರಿಗೆ ಈ ಎರಡನೆಯ ಆಯುಸ್ಸು ಕನ್ನಡದಲ್ಲಿ ದಕ್ಕಲಿಲ್ಲ.

ಬೆಂಗಳೂರಿನ ಫುಟ್‌ಬಾಲ್ ಕನ್ನಡದ ಆಟವೇ ಆಗಿರಲಿಲ್ಲ, ಅದು ದಂಡಿನ, ಅಂದರೆ ಕಂಟೋನ್ಮೆಂಟಿನ, ಆಟ ಎನ್ನುವವರಿದ್ದಾರೆ. ಆಸ್ಟಿನ್ ಟೌನ್, ಗೌತಮಪುರ, ಹಲಸೂರಿನ ಗಲ್ಲಿಗಳಲ್ಲಿ ಆಡುತ್ತಿದ್ದವರ ಮನೆಮಾತು ತಮಿಳು, ಉರ್ದು. ಅಂಥವರಿಗೆ ಕನ್ನಡ ವಿವರಣೆ ಕಟ್ಟಿಕೊಂಡು ಆಗಬೇಕಾದ್ದೇನು ಎಂಬುದು ಅವರ ಪ್ರಶ್ನೆ. ಆಟಗಾರನ ಮಾತಿಗೂ ಕೇಳುಗನ ಮಾತಿಗೂ ನಂಟಿರಲೇಬೇಕೆಂಬುದನ್ನು ಪಂಚಪಾಂಡವರೇ ಸುಳ್ಳು ಮಾಡಿದ್ದಾರೆ. ಜೊತೆಗೆ, ಈ ಆಕ್ಷೇಪ ಹೊಸೂರಿನಲ್ಲಿ ನಿಂತು ನೋಡಿದರೆ ಇನ್ನೂ ಪೊಳ್ಳು. ಅಲ್ಲಿಯ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಒಂದೇ ವ್ಯಾಪಾರದಲ್ಲಿ ಓಡಾಡುತ್ತವೆ. ದಂಡಿನ ತಮಿಳು ಹುಡುಗನ ಗೋಲನ್ನು ಕನ್ನಡದಲ್ಲಿ ಕೇಳಿ ತೆಲುಗಿನ ನೆಂಟನಿಗೆ ಹೇಳಬಲ್ಲ ಜನ ಅವರು. ಪತ್ರಿಕೆಗಳಿದ್ದವಲ್ಲ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಗಡಿಸೀಮೆಯ ಎಷ್ಟೋ ಮಂದಿಗೆ ಕನ್ನಡ ಕಿವಿಯ ಭಾಷೆ, ಕಣ್ಣಿನ ಭಾಷೆಯಲ್ಲ. ತಳಿ, ಡೆಂಕಣಿಕೋಟೆ ಕಡೆ ಕನ್ನಡ ಶಾಲೆಗಳಿದ್ದರೂ ಬಹಳಷ್ಟು ಮಕ್ಕಳು ಓದಿದ್ದು ತಮಿಳಿನಲ್ಲಿ. ಮನೆಯಲ್ಲಿ ಕನ್ನಡ ಆಡುತ್ತ, ಕನ್ನಡ ಅಕ್ಷರ ಕೂಡಿಸಲು ಬಾರದ ಮನುಷ್ಯನಿಗೆ ಬೆಂಗಳೂರಿನ ಪತ್ರಿಕೆಯ ಕ್ರೀಡಾಪುಟ ಇದ್ದೂ ಇಲ್ಲದಂತೆ. ಅವನಿಗಿದ್ದ ಕನ್ನಡ ಪತ್ರಿಕೆ ಎಂದರೆ ರೇಡಿಯೊ ಒಂದೇ. ಪಂಚಾಯಿತಿಯ ಸಾರ್ವಜನಿಕ ರೇಡಿಯೊ ಸಂಜೆ ಹೊತ್ತು ತಮಿಳಿನ ಗ್ರಾಮಸ್ಥರ ಕಾರ್ಯಕ್ರಮ ಹಾಕುತ್ತಿತ್ತು. ಅದರ ಮುಳ್ಳು ತಿರುಗಿಸುವುದು ಕೇಳುಗನ ಕೈಯಲ್ಲಿರಲಿಲ್ಲ. ಸ್ವಂತ ಟ್ರಾನ್ಸಿಸ್ಟರ್ ಬಂದ ಮೇಲಷ್ಟೇ ಅವನು ತನಗೆ ಬೇಕಾದ ನಿಲಯ ಆರಿಸಿಕೊಂಡ. ಆ ಆಯ್ಕೆ ಕೈಗೆ ಬಂದ ವರ್ಷಗಳಲ್ಲೇ ಮೈಸೂರು ಎರಡು ಸಲ ಬಂಗಾಳವನ್ನು ಸೋಲಿಸಿತು.

ಕನ್ನಡಕ್ಕೆ ಆ ಕಸುಬು ಬಾರದೆ ಹೀಗಾಯಿತು ಎನ್ನುವಂತಿಲ್ಲ. ಮೈಸೂರು ದಸರಾದ ಜಂಬೂಸವಾರಿಯ ವೀಕ್ಷಕ ವಿವರಣೆಯನ್ನು ಕನ್ನಡ ಆಕಾಶವಾಣಿ ಒಂದು ಕಲೆಯಾಗಿಯೇ ಬೆಳೆಸಿತು. ಆನೆಯ ನಡಿಗೆ ನಿಧಾನ, ಅದನ್ನು ಹೇಳುವುದು ಸುಲಭ ಎನ್ನಬಹುದು. ಆದರೆ ಊರೂರಿನ ಕಬಡ್ಡಿ ಪಂದ್ಯದಲ್ಲಿ, ಸಂಕ್ರಾಂತಿ ಕಳೆದ ಮೇಲೆ ಕೃಷ್ಣಗಿರಿ ಸೀಮೆಯ ಎತ್ತು ಬಿಡುವ ಹಬ್ಬದಲ್ಲಿ ಮೈಕು ಹಿಡಿದವನ ಓಟ ಎತ್ತಿಗಿಂತ ಕಡಿಮೆಯದಲ್ಲ. ಕಸುಬಿತ್ತು, ಕೇಳುಗರಿದ್ದರು, ಗೆಲ್ಲುವ ತಂಡವಿತ್ತು. ಆದರೂ ದೊಡ್ಡ ಪಂದ್ಯಗಳ ವಿವರಣೆ ಇಂಗ್ಲಿಷ್ ಮತ್ತು ಹಿಂದಿಯ ಪಾಲಾಯಿತು. ಫುಟ್‌ಬಾಲಿಗಾಗಿ ಕನ್ನಡದಲ್ಲಿ ಬಂಗಾಳದಂಥ ಪರಂಪರೆ, ವರ್ಷವರ್ಷವೂ ಅದೇ ದನಿ ಅದೇ ಕುರ್ಚಿಯಲ್ಲಿ ಕೂರುವ ಪದ್ಧತಿ, ಬೇರೂರಲಿಲ್ಲ. ಕ್ರಿಕೆಟ್ಟಿಗೆ ಹಣವಂತರ, ಓದಿದವರ ಬೆಂಬಲವಿತ್ತು ಎಂಬುದನ್ನು ಒಪ್ಪುತ್ತೇನೆ. ಎಲ್ಲ ಭಾರವನ್ನೂ ಮೈಕಿನ ಮೇಲೆ ಹಾಕುವುದು ಸರಿಯಲ್ಲ. ಓವಲ್ ಗೆಲುವು ವಿದೇಶದ್ದು, ಸಂತೋಷ್ ಟ್ರೋಫಿ ದೇಶದೊಳಗಿನದು ಎಂಬ ಮಾತನ್ನು ಮಾತ್ರ ಒಪ್ಪಲಾರೆ. 1974ರ ರಣಜಿ ಸೆಮಿಫೈನಲ್ಲೂ ದೇಶದೊಳಗಿನದೇ. ಸತತ 15 ವರ್ಷ ಗೆದ್ದ ಮುಂಬಯಿಯನ್ನು ಕರ್ನಾಟಕ ಬೆಂಗಳೂರಿನಲ್ಲಿ ತಡೆದದ್ದು, ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದ್ದು ಕನ್ನಡಿಗರಿಗೆ ಕಂಠಪಾಠ. ಬಂಗಾಳವನ್ನು ನಾಲ್ಕು ಫೈನಲ್‌ಗಳಲ್ಲಿ ಸೋಲಿಸಿದ್ದು ಅದಕ್ಕಿಂತ ಯಾವುದರಲ್ಲಿ ಕಡಿಮೆ?

ಇವತ್ತು ಟೀವಿಯಲ್ಲಿ ಕನ್ನಡ ವಿವರಣೆ ಬಂದಿದೆ; ವಿಜಯ್ ಭಾರದ್ವಾಜ್‌ರಂಥ ಮಾಜಿ ಟೆಸ್ಟ್ ಆಟಗಾರರು ಕನ್ನಡದಲ್ಲಿ ಕ್ರಿಕೆಟ್ ಹೇಳುತ್ತಾರೆ, ಕಬಡ್ಡಿಗೂ ಕನ್ನಡದ ದನಿಯಿದೆ. ಹೊಸೂರಿನ ಕೈಗಾರಿಕಾ ಬಡಾವಣೆಗಳ ಮನೆಗಳಿಗೂ ಅದು ಬರುತ್ತದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಮತ್ತೆ ಸಂತೋಷ್ ಟ್ರೋಫಿ ತಂದಾಗ, ಆ 54 ವರ್ಷ ಎಲ್ಲಿಂದ ಲೆಕ್ಕ ಎಂದು ಅನೇಕರು ಮೊದಲ ಬಾರಿಗೆ ಕೇಳಿದರು. 1968-69ರ ತಂಡದಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಬೆಂಗಳೂರು ಆಕಾಶವಾಣಿ ಮತ್ತು ರಾಜ್ಯದ ಫುಟ್‌ಬಾಲ್ ಸಂಸ್ಥೆ ಕೂಡಿ, ಬದುಕಿರುವ ಪ್ರತಿಯೊಬ್ಬರನ್ನೂ ಮೈಕಿನ ಮುಂದೆ ಕೂರಿಸಿ ಆ ಎರಡು ಫೈನಲ್‌ಗಳನ್ನು ಕನ್ನಡದಲ್ಲಿ, ಅವರ ಕನ್ನಡ ತಮಿಳು ಬೆರೆತದ್ದಾದರೂ ಹಾಗೆಯೇ, ಹೇಳಿಸಿ ದಾಖಲಿಸಬೇಕು. ಅದು ಈ ವರ್ಷವೇ ಆಗಬೇಕು.