ಜಿಪಿಎಸ್ ನಕ್ಷೆಯ ಬೃಹತ್ ಕಡತಗಳು: ಭೌಗೋಳಿಕ ದತ್ತಸಂಚಯದಲ್ಲಿ ನಿರ್ವಹಣೆ ಹಾಗೂ ಅರ್ಜಿದಾರರಿಗೆ ಮಾಹಿತಿ

ಪೋಡಿ, ಹದ್ದುಬಸ್ತು, ಒತ್ತುವರಿ ಮುಂತಾದ ವಿಷಯಗಳಲ್ಲಿ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಹಲವರು ತಮ್ಮ ಜಮೀನಿನ ಸುತ್ತ ನಡೆದು, ಮೊಬೈಲ್ ಅಥವಾ ಕೈ ಜಿಪಿಎಸ್ ಉಪಕರಣದಲ್ಲಿ ದಾಖಲಿಸಿದ ಕಡತಗಳನ್ನು ಹೊಂದಿರುತ್ತಾರೆ. ಇಂತಹ ಕಡತಗಳು ಗಾತ್ರದಲ್ಲಿ ದೊಡ್ಡದಾದಾಗ ಅವು ಗಣಕಯಂತ್ರದಲ್ಲಿ ತೆರೆಯುವುದಿಲ್ಲ, ಅಥವಾ ಸ್ವತಃ ಅರ್ಜಿದಾರರೇ ಅವುಗಳನ್ನು ಯಾವುದಾದರೂ ತಂತ್ರಾಂಶದ ಮೂಲಕ ಕುಗ್ಗಿಸಿ ತರುತ್ತಾರೆ. ಹೀಗೆ ಕುಗ್ಗಿಸುವಾಗ ಗಡಿಯೇ ಬದಲಾಗುವ ಸಂಭವವಿರುವುದರಿಂದ, ಯಾವುದನ್ನು ಕುಗ್ಗಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಕಡತದ ಗಾತ್ರ ಹೆಚ್ಚಲು ಕಾರಣ

ಸೆಕೆಂಡಿಗೆ ಒಂದು ಬಿಂದುವಿನಂತೆ ದಾಖಲಿಸುವ ಉಪಕರಣವು ಗಂಟೆಗೆ 3,600 ಹಾಗೂ 8 ಗಂಟೆಗಳಲ್ಲಿ 28,800 ಬಿಂದುಗಳನ್ನು ಕೂಡಿಡುತ್ತದೆ. ಜಿಪಿಎಕ್ಸ್ ಮಾದರಿಯ ಕಡತದಲ್ಲಿ ಪ್ರತಿ ಬಿಂದುವಿನ ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಸಮಯವನ್ನು ಅಕ್ಷರರೂಪದಲ್ಲಿ ಬರೆಯುವುದರಿಂದ ಒಂದೊಂದಕ್ಕೂ ಸುಮಾರು 100 ಬೈಟ್ ತಗಲುತ್ತದೆ. ಇದೇ ಬಿಂದುವಿನ ಅಕ್ಷಾಂಶ ಮತ್ತು ರೇಖಾಂಶಗಳನ್ನು ದತ್ತಸಂಚಯದಲ್ಲಿ ತಲಾ 8 ಬೈಟ್‌ನಂತೆ 16 ಬೈಟ್‌ಗಳಲ್ಲಿ ಇಡಲಾಗುತ್ತದೆ. ಬುತ್ತಿ ಬಿಚ್ಚಿ ಬೇವಿನ ಮರದಡಿ ಅರ್ಧ ಗಂಟೆ ಕುಳಿತಿದ್ದರೂ ಉಪಕರಣವು ಬಿಡದೆ 1,800 ಬಿಂದುಗಳನ್ನು ಬರೆದಿರುತ್ತದೆ. ನಕ್ಷೆಯಲ್ಲಿ ಅದು ದಾರದ ಗಂಟಿನಂತೆ ಕಾಣುತ್ತದೆ.

ಹಳೆಯ ಮೋಜಣಿ ಪದ್ಧತಿಯಲ್ಲಿ ಈ ತೊಂದರೆ ಇರಲಿಲ್ಲ ಎಂಬುದನ್ನು ಗಮನಿಸಬಹುದು. 33 ಅಡಿಯ ಸರಪಳಿ ಹಿಡಿದು ಅಳೆದವರು ಟಿಪ್ಪಣಿಯಲ್ಲಿ ಗಡಿ ತಿರುಗುವ ಕಡೆಯ ಅಳತೆಗಳನ್ನು ಮಾತ್ರ ಬರೆಯುತ್ತಿದ್ದರು; ಇಡೀ ಸರ್ವೆ ನಂಬರು ಒಂದು ಹಾಳೆಯಲ್ಲಿ ಮುಗಿಯುತ್ತಿತ್ತು. ಮುಖ್ಯವಾದ ಬಿಂದು ಯಾವುದೆಂದು ಅಳೆಯುವವರು ಸ್ಥಳದಲ್ಲಿಯೇ ತೀರ್ಮಾನಿಸುತ್ತಿದ್ದರು. ಜಿಪಿಎಸ್ ಉಪಕರಣಕ್ಕೆ ಆ ವಿವೇಚನೆ ಇರುವುದಿಲ್ಲ.

ಡ್ರೋನ್ ಚಿತ್ರಗಳ ಗಾತ್ರ ಇನ್ನೂ ಹೆಚ್ಚಿನದು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಡಿ ಗ್ರಾಮಠಾಣಾ ಪ್ರದೇಶಗಳನ್ನು ಡ್ರೋನ್ ಮೂಲಕ ಅಳೆಯಲಾಗುತ್ತಿದೆ. ಒಂದು ಚುಕ್ಕೆಗೆ 5 ಸೆಂ.ಮೀ. ನೆಲ ಎಂದು ಲೆಕ್ಕ ಹಿಡಿದರೆ ಒಂದು ಚದರ ಕಿ.ಮೀ.ಗೆ 40 ಕೋಟಿ ಚುಕ್ಕೆಗಳು, ಮೂರು ಬಣ್ಣಗಳಿಗೆ 120 ಕೋಟಿ ಬೈಟ್‌ಗಳಾಗುತ್ತವೆ. ಇಂತಹ ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿ ಹಂತದಲ್ಲಿ ಉದ್ದಗಲಗಳೆರಡನ್ನೂ ಅರ್ಧಕ್ಕಿಳಿಸಿದ ಪ್ರತಿಗಳನ್ನು ಮೊದಲೇ ಸಿದ್ಧಪಡಿಸಿ ಇಡುವುದು ರೂಢಿ. ಎಲ್ಲ ಹಂತಗಳೂ ಸೇರಿ ಮೂಲದ ಮೂರನೇ ಒಂದು ಭಾಗದಷ್ಟು ಮಾತ್ರ ಹೆಚ್ಚುವರಿ ಸ್ಥಳ ಬೇಕಾಗುತ್ತದೆ.

ದತ್ತಸಂಚಯದಲ್ಲಿ ಹುಡುಕಾಟ

ಪೋಸ್ಟ್‌ಜಿಐಎಸ್‌ನಂತಹ ಭೌಗೋಳಿಕ ದತ್ತಸಂಚಯವು ಪ್ರತಿ ಆಕೃತಿಯ ಸುತ್ತ ಒಂದು ಆಯತವನ್ನು ಕಲ್ಪಿಸಿ, ಆಯತಗಳ ಸೂಚಿಯೊಂದನ್ನು ಇಟ್ಟುಕೊಂಡಿರುತ್ತದೆ. "ಈ ಸರ್ವೆ ನಂಬರು ಜಲಾಶಯದ ಮುಳುಗಡೆ ಪ್ರದೇಶದಲ್ಲಿದೆಯೇ?" ಎಂದು ಕೇಳಿದಾಗ ಮೊದಲು ಆಯತಗಳು ಕೂಡುತ್ತವೆಯೇ ಎಂದು ನೋಡಿ, ಕೂಡಿದಲ್ಲಿ ಮಾತ್ರ ನಿಜವಾದ ಗಡಿಯನ್ನು ಪರಿಶೀಲಿಸುತ್ತದೆ. ಚಚ್ಚೌಕ ಹೊಲಗಳಿಗೆ ಈ ಕ್ರಮ ಬಹಳ ಚೆನ್ನಾಗಿ ಹೊಂದುತ್ತದೆ. ಆದರೆ ಲಿಂಗನಮಕ್ಕಿ ಜಲಾಶಯವನ್ನು ಪರಿಗಣಿಸಿರಿ. ಶರಾವತಿಯ ಹಿನ್ನೀರು ಕಣಿವೆ ಕಣಿವೆಗೂ ಕೈಚಾಚಿಕೊಂಡಿರುವುದರಿಂದ ಅದರ ಸುತ್ತ ಎಳೆದ ಆಯತದೊಳಗೆ ನೀರು ಸೋಕದ ಊರುಗಳು, ಗುಡ್ಡಗಳು, ತೋಟಗಳು ಬಹಳಷ್ಟು ಬರುತ್ತವೆ. ಅಲ್ಲಿನ ಪ್ರತಿಯೊಂದು ಜಮೀನಿಗೂ ದತ್ತಸಂಚಯವು ಹಿನ್ನೀರಿನ ಗಡಿಯನ್ನು ಪೂರ್ತಿಯಾಗಿ ತೆರೆದು ನೋಡಬೇಕಾಗುತ್ತದೆ. ಗಡಿಯಲ್ಲಿ ಒಂದು ಲಕ್ಷ ಬಿಂದುಗಳಿದ್ದರೆ ಪ್ರತಿ ಸಲವೂ 16 ಲಕ್ಷ ಬೈಟ್ ಓದಿದಂತಾಯಿತು.

ಇದಕ್ಕೆ ಪರಿಹಾರವೆಂದರೆ ಆಕೃತಿಯನ್ನು ಒಡೆಯುವುದು. ಒಂದೊಂದರಲ್ಲಿ ಇನ್ನೂರೈವತ್ತರಷ್ಟು ಬಿಂದುಗಳಿರುವಂತೆ ತುಂಡುಗಳನ್ನಾಗಿ ಮಾಡಿ, ಎಲ್ಲಕ್ಕೂ ಒಂದೇ ಗುರುತಿನ ಸಂಖ್ಯೆ ಕೊಟ್ಟು, ಹುಡುಕಾಟವನ್ನು ತುಂಡುಗಳ ಮೇಲೆ ನಡೆಸಲಾಗುತ್ತದೆ. ತುಂಡುಗಳ ಆಯತಗಳು ನೀರಿನ ಆಕಾರಕ್ಕೆ ಹತ್ತಿರವಾಗಿ ಕೂರುತ್ತವೆ. ಗಡಿಯ ಒಂದು ಬಿಂದುವೂ ಕಳೆದುಹೋಗುವುದಿಲ್ಲ.

ತೆರೆಯ ಮೇಲಿನ ಗೆರೆ ಮತ್ತು ಅಳತೆಯ ಗೆರೆ

ಇನ್ನೊಂದು ವಿಧಾನ ಬಿಂದುಗಳನ್ನು ವಿರಳಗೊಳಿಸುವುದು. ಈ ಕಾರ್ಯಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವ ಕ್ರಮವನ್ನು ಡಗ್ಲಾಸ್ ಮತ್ತು ಪ್ಯೂಕರ್ ಎಂಬುವರು 1973ರಲ್ಲಿ ಪ್ರಕಟಿಸಿದರು. ಗೆರೆಯ ಎರಡು ತುದಿಗಳನ್ನು ನೇರವಾಗಿ ಜೋಡಿಸಿ, ಆ ನೇರ ರೇಖೆಯಿಂದ ಅತಿ ದೂರವಿರುವ ಬಿಂದುವನ್ನು ಹುಡುಕಲಾಗುತ್ತದೆ. ಆ ದೂರವು ನಿಗದಿತ ಮಿತಿಗಿಂತ ಹೆಚ್ಚಿದ್ದರೆ ಬಿಂದುವನ್ನು ಉಳಿಸಿ, ಗೆರೆಯ ಎರಡೂ ಭಾಗಗಳಲ್ಲಿ ಇದನ್ನೇ ಮುಂದುವರಿಸಲಾಗುತ್ತದೆ. ಇಲ್ಲವಾದರೆ ನಡುವಿನ ಬಿಂದುಗಳನ್ನೆಲ್ಲ ಕೈಬಿಡಲಾಗುತ್ತದೆ. 1:50,000 ಪ್ರಮಾಣದ ನಕ್ಷೆಯಲ್ಲಿ 1 ಮಿ.ಮೀ. ಎಂದರೆ ನೆಲದ ಮೇಲೆ 50 ಮೀಟರ್. ಅಲ್ಲಿ 2 ಮೀಟರ್ ತಿರುವು ಕಣ್ಣಿಗೆ ಕಾಣದು, ತೆಗೆದರೆ ನಷ್ಟವೂ ಇಲ್ಲ.

ಜಮೀನಿನ ವಿಷಯ ಬೇರೆ. 100 ಮೀಟರ್ ಉದ್ದದ ಬದುವೊಂದು ನಡುವೆ 2 ಮೀಟರ್ ಹೊರಕ್ಕೆ ಬಾಗಿದೆಯೆಂದು ಇಟ್ಟುಕೊಳ್ಳೋಣ. ಮಿತಿಯನ್ನು 3 ಮೀಟರ್ ಎಂದು ಕೊಟ್ಟು ವಿರಳಗೊಳಿಸಿದರೆ ಆ ಬಾಗು ಅಳಿಸಿಹೋಗಿ ಬದು ನೇರವಾಗುತ್ತದೆ. ಹೋದ ತ್ರಿಕೋನದ ವಿಸ್ತೀರ್ಣ 100 ಚದರ ಮೀಟರ್. ಒಂದು ಗುಂಟೆ ಎಂದರೆ 101.17 ಚದರ ಮೀಟರ್. ನೆಲ ಇದ್ದಲ್ಲೇ ಇದೆ, ಆದರೆ ನಕ್ಷೆಯಲ್ಲಿ ಹೆಚ್ಚುಕಡಿಮೆ ಒಂದು ಗುಂಟೆ ಪಕ್ಕದವರ ಪಾಲಾಗಿದೆ. ಇಂತಹ ನಕ್ಷೆಯನ್ನು ಹಿಡಿದುಕೊಂಡು ಅಣ್ಣತಮ್ಮಂದಿರ ನಡುವೆ ತಕರಾರು ಹುಟ್ಟಿದರೆ ಅದಕ್ಕೆ ಆಧಾರವೇ ಇರುವುದಿಲ್ಲ.

ಅಕ್ಕಪಕ್ಕದ ಎರಡು ಜಮೀನುಗಳನ್ನು ಬೇರೆಬೇರೆಯಾಗಿ ವಿರಳಗೊಳಿಸಿದಾಗ ತೊಂದರೆ ಇನ್ನೂ ಹೆಚ್ಚು. ಎರಡು ಆಕೃತಿಗಳ ಆರಂಭ ಬಿಂದುಗಳು ಬೇರೆಯಾಗಿರುವುದರಿಂದ ಒಂದೇ ಬದುವಿನಲ್ಲಿ ಬೇರೆಬೇರೆ ಬಿಂದುಗಳು ಉಳಿಯುತ್ತವೆ. ಪರಿಣಾಮವಾಗಿ ನಡುವೆ ಯಾರಿಗೂ ಸೇರದ ಸೀಳುಗಳು, ಇಬ್ಬರಿಗೂ ಸೇರಿದಂತೆ ತೋರುವ ಪಟ್ಟಿಗಳು ಹುಟ್ಟುತ್ತವೆ. ಆದ್ದರಿಂದ ಸಮಾನ ಬದುವನ್ನು ದತ್ತಸಂಚಯದಲ್ಲಿ ಒಂದೇ ಸಲ ದಾಖಲಿಸಿ, ಎರಡೂ ಸರ್ವೆ ನಂಬರುಗಳು ಅದನ್ನೇ ಆಧರಿಸುವಂತೆ ಮಾಡುವುದು ಸರಿಯಾದ ಕ್ರಮ. ವಿರಳಗೊಳಿಸಿದ ಪ್ರತಿಯನ್ನು ಪ್ರದರ್ಶನಕ್ಕೆ ಮಾತ್ರ ಉಪಯೋಗಿಸಿ, ವಿಸ್ತೀರ್ಣವನ್ನು ಮೂಲ ಬಿಂದುಗಳಿಂದಲೇ ಲೆಕ್ಕ ಹಾಕತಕ್ಕದ್ದು.

ಮೊಬೈಲ್ ತೆರೆಯ ಮೇಲೆ ಕಾಣುವ ನಕ್ಷೆಯ ಛಾಯಾಚಿತ್ರವನ್ನು ಗಡಿಯ ಪುರಾವೆಯೆಂದು ಭಾವಿಸಬಾರದೆನ್ನಲು ಇದೇ ಕಾರಣ. ನಿಂತ ಸ್ಥಳದ ಸರ್ವೆ ನಂಬರು ತಿಳಿಯಲು ದಿಶಾಂಕ್ ಆ್ಯಪ್ ಉಪಯುಕ್ತವೇ ಹೌದು, ಆದರೆ ಬದುವಿನ ಮೇಲೆ ಕಲ್ಲು ನೆಡಲು ಅದು ಸಾಧನವಲ್ಲ.

ಕೋಲಾರ ಭಾಗದ ಅರ್ಜಿದಾರರ ಗಮನಕ್ಕೆ

ಮೀಟರ್ ಲೆಕ್ಕದ ಯುಟಿಎಂ ನಿರ್ದೇಶಾಂಕಗಳಲ್ಲಿ ಕರ್ನಾಟಕದ ಬಹುಭಾಗ 43ನೇ ವಲಯಕ್ಕೆ ಸೇರುತ್ತದೆ. 78 ಡಿಗ್ರಿ ಪೂರ್ವ ರೇಖಾಂಶದಿಂದಾಚೆಗಿನ ಕೋಲಾರ, ಮುಳಬಾಗಿಲು, ಕೆಜಿಎಫ್ ಮುಂತಾದವು 44ನೇ ವಲಯದಲ್ಲಿವೆ. ವಲಯದ ಸಂಖ್ಯೆಯಿಲ್ಲದೆ ಬಂದ ಮುಳಬಾಗಿಲಿನ ಕಡತವನ್ನು 43ನೇ ವಲಯದ್ದೆಂದು ಓದಿದರೆ ಆ ಹೊಲ ಸುಮಾರು 650 ಕಿ.ಮೀ. ಪಶ್ಚಿಮಕ್ಕೆ ಸರಿದು ಅರಬ್ಬೀ ಸಮುದ್ರದಲ್ಲಿ ಕಾಣುತ್ತದೆ. ಅಕ್ಷಾಂಶ ರೇಖಾಂಶಗಳಲ್ಲಿಯೇ ಕಡತ ನೀಡಿದರೆ ಈ ಗೊಂದಲ ಉಂಟಾಗುವುದಿಲ್ಲ.

ಕಡತ ಸಿದ್ಧಪಡಿಸುವ ವಿಧಾನ

ಅರ್ಜಿದಾರರು ಮೂಲ ಕಡತವನ್ನು ಬದಲಾಯಿಸದೆ ತಮ್ಮ ಬಳಿ ಇಟ್ಟುಕೊಳ್ಳತಕ್ಕದ್ದು. ಗಾತ್ರ ಹೆಚ್ಚಾದಲ್ಲಿ ಬಿಂದುಗಳನ್ನು ವಿರಳಗೊಳಿಸುವ ಬದಲು ಕಡತವನ್ನು ಸರ್ವೆ ನಂಬರುವಾರು ಬೇರ್ಪಡಿಸಬಹುದು, ಅಥವಾ ಜಿಪ್ ಮಾಡಬಹುದು. ಜಿಪ್ ಮಾಡುವುದರಿಂದ ಯಾವ ಬಿಂದುವೂ ಕಳೆಯುವುದಿಲ್ಲ. ಕೆಲವು ಮೊಬೈಲ್ ತಂತ್ರಾಂಶಗಳು ದಶಮಾಂಶದ ನಂತರ ಹದಿನೈದು ಅಂಕಿಗಳನ್ನು ಬರೆಯುತ್ತವೆ. ಏಳನೇ ಅಂಕಿಯೇ ಸುಮಾರು 1 ಸೆಂ.ಮೀ.ಗೆ ಸಮವಾದ್ದರಿಂದ ಅದರಾಚೆಯ ಅಂಕಿಗಳನ್ನು ಬಿಟ್ಟರೆ ಬಾಧಕವಿಲ್ಲ. ಆದರೆ ನಾಲ್ಕೇ ಅಂಕಿಗೆ ಇಳಿಸಿದರೆ ಸುಮಾರು 11 ಮೀಟರಿಗಿಂತ ಸೂಕ್ಷ್ಮವಾದ ವ್ಯತ್ಯಾಸವೇ ಉಳಿಯುವುದಿಲ್ಲ. ಎಕ್ಸೆಲ್‌ನಲ್ಲಿ ಅಂಕಿಗಳು ಹೀಗೆ ಮೊಟಕಾಗಿಲ್ಲವೆಂದು ಖಚಿತಪಡಿಸಿಕೊಳ್ಳುವುದು.

ಹೊಲ ಸುತ್ತುವಾಗ ಪ್ರತಿ ಬಾಂದುಕಲ್ಲಿನ ಬಳಿ ಕೆಲವು ನಿಮಿಷ ನಿಂತು ಆ ಸ್ಥಳವನ್ನು ಪ್ರತ್ಯೇಕ ಬಿಂದುವಾಗಿ ಗುರುತಿಸಿದರೆ ಸಾವಿರಾರು ನಡಿಗೆಯ ಬಿಂದುಗಳಿಗಿಂತ ಅದೇ ಹೆಚ್ಚು ಪ್ರಯೋಜನಕಾರಿ. ಬಯಲಿನಲ್ಲಿಯೂ ಕೈ ಉಪಕರಣದಲ್ಲಿ ಕೆಲವು ಮೀಟರ್ ವ್ಯತ್ಯಾಸ ಸಹಜ; ಅಡಿಕೆ, ತೆಂಗಿನ ತೋಟಗಳ ನೆರಳಿನಲ್ಲಿ ಅದು ಇನ್ನೂ ಹೆಚ್ಚುತ್ತದೆ. ಆದುದರಿಂದ ಈ ಕಡತಗಳು ಸ್ಥಳ ಗುರುತಿಸಲು ನೆರವಾಗುವ ಮಾಹಿತಿ ಮಾತ್ರವಾಗಿದ್ದು, ಹದ್ದುಬಸ್ತು, ಪೋಡಿ ಹಾಗೂ 11ಇ ನಕ್ಷೆಗೆ ಮೋಜಿಣಿ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಿ, ಭೂಮಾಪಕರಿಂದ ಅಳತೆ ಮಾಡಿಸಿಕೊಳ್ಳತಕ್ಕದ್ದು. ಅಳತೆಯ ದಿನ ಪಹಣಿ ಪ್ರತಿಯೊಂದಿಗೆ ಮೂಲ ಜಿಪಿಎಸ್ ಕಡತವನ್ನೂ ಸ್ಥಳಕ್ಕೆ ತಂದಲ್ಲಿ ಬಾಂದುಕಲ್ಲುಗಳನ್ನು ಪತ್ತೆಹಚ್ಚಲು ಅನುಕೂಲವಾಗುತ್ತದೆ.